ಜಗಲಿ ಹೋಯಿತು, ಸಾಮಾನು ಉಳಿಯಿತು

ನೀವು ಈಗ ಮನೆಯಲ್ಲಿ ಎಲ್ಲೋ ಒಂದು ಕಡೆ ಕೂತು ಈ ಮಾತು ಕೇಳುತ್ತಿದ್ದೀರಿ. ಅಡುಗೆಮನೆಯಲ್ಲಿರಬಹುದು, ನಡುಮನೆಯಲ್ಲಿರಬಹುದು. ಏಳಬೇಡಿ. ಕೂತಲ್ಲಿಂದಲೇ ನಿಮ್ಮ ಮುಂಬಾಗಿಲನ್ನು ನೆನೆಸಿಕೊಳ್ಳಿ. ಬಾಗಿಲಿನ ಆಚೆ ನೆಲದ ಮೇಲೆ ಏನೇನಿದೆ? ಗೋಡೆಗೆ ಏನು ಒರಗಿದೆ? ಬಾಗಿಲು ಪೂರ್ತಿ ತೆರೆಯುತ್ತದೆಯೇ, ಇಲ್ಲ ಕದದ ಹಿಂದೆ ಏನಾದರೂ ತಡೆಯುತ್ತದೆಯೇ?

ಒಂದಷ್ಟು ನಾನೇ ಹೇಳಿಬಿಡುತ್ತೇನೆ. ಚಪ್ಪಲಿಗಳಿವೆ. ಮನೆಯಲ್ಲಿರುವವರು ನಾಲ್ವರು, ಚಪ್ಪಲಿ ಹತ್ತು ಹನ್ನೆರಡು ಜೊತೆ. 20 ಲೀಟರಿನ ಖಾಲಿ ನೀರಿನ ಕ್ಯಾನು ಇದೆ. ಏನೋ ತರಿಸಿಕೊಂಡಾಗ ಬಂದ ರಟ್ಟಿನ ಡಬ್ಬ ಇದೆ. ಮುಂದೆ ಬೇಕಾದೀತು ಎಂದು ಇಟ್ಟದ್ದು. ಒಂದು ಹೆಲ್ಮೆಟ್ಟು. ಕಡ್ಡಿ ಮುರಿದ ಛತ್ರಿ. ಗಾಳಿ ಇಳಿದ ಮಕ್ಕಳ ಸೈಕಲ್ಲು. ಅದನ್ನು ತುಳಿದ ಮಗು ಈಗ ಕಾಲೇಜಿಗೆ ಹೋಗುತ್ತಿದೆ. ಗಿಡ ಒಣಗಿದ ಕುಂಡ. ರದ್ದಿಯವನಿಗೆ ಹಾಕಬೇಕಾದ ಪೇಪರಿನ ಕಟ್ಟು. ಮೇಲೆ ಚೌಕಟ್ಟಿಗೆ ಯುಗಾದಿಯಲ್ಲಿ ಕಟ್ಟಿದ ಮಾವಿನ ತೋರಣ. ಎಲೆ ಸುರುಟಿ ಕಂದಾಗಿದೆ. ಗಣೇಶನ ಹಬ್ಬಕ್ಕೆ ಹೊಸದು ಕಟ್ಟುವಾಗ ತೆಗೆದರಾಯಿತು ಎಂದು ಬಿಟ್ಟದ್ದು.

ಇವು ಯಾವುವೂ ಕಸವಲ್ಲ. ಕಸವಾಗಿದ್ದರೆ ಬೆಳಿಗ್ಗೆಯೇ ಕಸದ ಗಾಡಿ ಹತ್ತುತ್ತಿದ್ದವು. ಬೇಕಾದ ವಸ್ತುಗಳೂ ಅಲ್ಲ. ಬೇಕಾಗಿದ್ದರೆ ಒಳಗೆ ಬರುತ್ತಿದ್ದವು. ಹಿರಣ್ಯಕಶಿಪು ಪಡೆದ ವರ ನಿಮಗೆ ಗೊತ್ತೇ ಇದೆ. ಒಳಗೂ ಸಾವಿಲ್ಲ, ಹೊರಗೂ ಸಾವಿಲ್ಲ. ನಮ್ಮ ಬಾಗಿಲ ಮುಂದಿನ ಸಾಮಾನುಗಳಿಗೂ ಯಾರೋ ಅದೇ ವರ ಕೊಟ್ಟಂತಿದೆ.

ಇವು ಅಲ್ಲಿಗೆ ಬಂದದ್ದು ಹೇಗೆ? ಮಗ ಕೇಳುತ್ತಾನೆ, "ಅಮ್ಮಾ, ಇದನ್ನ ಎಲ್ಲಿಡ್ಲಿ?" ಒಲೆ ಮುಂದೆ ನಿಂತ ಅಮ್ಮ ಹೇಳುತ್ತಾರೆ, "ಸದ್ಯಕ್ಕೆ ಬಾಗ್ಲ ಹತ್ರ ಇಡೋ, ಆಮೇಲೆ ನೋಡೋಣ." ಆಮೇಲೆ ಯಾರೂ ನೋಡುವುದಿಲ್ಲ. ನಾವು ತೀರ್ಮಾನ ಮಾಡದೆ ಬಿಟ್ಟದ್ದೆಲ್ಲ ಬಾಗಿಲ ಬಳಿ ಬಂದು ಕೂರುತ್ತದೆ.

ಇದಕ್ಕೆ ಸೋಮಾರಿತನ ಎಂದು ಹೆಸರಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದಿನವರೇನೂ ನಮಗಿಂತ ಚುರುಕಾಗಿರಲಿಲ್ಲ. ಅವರ ಮನೆಯಲ್ಲಿ ಹೀಗೆ ಒಳಗೂ ಸಲ್ಲದ ಹೊರಗೂ ಸಲ್ಲದ ಸಾಮಾನಿಗೆ ಒಂದು ಜಾಗ ಇತ್ತು. ಅದು ಜಗಲಿ. ನಮ್ಮ ಮನೆಗಳಲ್ಲಿ ಜಗಲಿ ಹೋಯಿತು. ಜಗಲಿಯ ಸಾಮಾನು ಉಳಿಯಿತು. ಇವತ್ತು ನಾನು ಹೇಳಬೇಕೆಂದಿರುವುದು ಇದಿಷ್ಟೇ. ಉಳಿದದ್ದೆಲ್ಲ ಇದರ ವಿವರ.

ಜಗಲಿ ಏನು ಕೆಲಸ ಮಾಡುತ್ತಿತ್ತು ಎಂಬುದರಿಂದ ಶುರು ಮಾಡೋಣ.

ಮಲೆನಾಡಿನ ಒಂದು ಹಳೆಯ ಮನೆಗೆ ನನ್ನ ಜೊತೆ ಬನ್ನಿ. ಮಳೆಗಾಲ ಎಂದಿಟ್ಟುಕೊಳ್ಳಿ. ಮೊದಲು ಸಿಗುವುದು ಉಣುಗೋಲು. ಕೆಲವರು ದಣಪೆ ಎನ್ನುತ್ತಾರೆ. ಎರಡು ಕಂಬ, ನಡುವೆ ಅಡ್ಡಕ್ಕೆ ತೂರಿಸಿದ ಗಳಗಳು. ಮನುಷ್ಯರು ಗಳ ಸರಿಸಿ ಬರಬಹುದು, ದನ ಬರಲಾಗದು. ಅಲ್ಲಿಂದ ಅಂಗಳ. ಅಂಗಳ ದಾಟಿದರೆ ಮೆಟ್ಟಿಲ ಪಕ್ಕದಲ್ಲಿ ಕಾಲು ತೊಳೆಯುವ ಕಲ್ಲು, ನೀರು, ಒಂದು ಚೊಂಬು. ಕಾಲು ತೊಳೆದು ಮೇಲೆ ಹತ್ತಿದರೆ ಜಗಲಿ. ಜಗಲಿಯ ಗೋಡೆಗೆ ಸಾಲಾಗಿ ಮರದ ಗೂಟಗಳು. ಒಂದಕ್ಕೆ ನೀರಿಳಿಯುವ ಕಂಬಳಿಕೊಪ್ಪೆ. ಇನ್ನೊಂದಕ್ಕೆ ಅಡಿಕೆ ಹಾಳೆಯ ಟೋಪಿ. ಮೂಲೆಯಲ್ಲಿ ಮಳೆಗೆ ಬೆನ್ನಿಗೆ ಹಾಕುವ ಗೊರಬು. ಗೋಡೆಯ ಗೂಡಿನಲ್ಲಿ ಲಾಟೀನು. ಎರಚಲು ಒಳಗೆ ಬಾರದಂತೆ ಜಗಲಿಗೆ ಸೋಗೆಯ ಜಡಿತಟ್ಟಿ. ಇಷ್ಟಾದ ಮೇಲೆ ಹೊಸ್ತಿಲು. ಕೆಸರು ಕಲ್ಲಿನ ಬಳಿ ನಿಂತಿತು. ನೀರು ಜಗಲಿಯಲ್ಲಿ ಇಳಿಯಿತು. ಹೊಸ್ತಿಲು ದಾಟುವ ಹೊತ್ತಿಗೆ ಮನುಷ್ಯ ಮಾತ್ರ ಉಳಿದ.

ಕೊಡಗಿನ ಐನ್‌ಮನೆಗೆ ಹೋದರೆ ದಾರಿ ಇನ್ನೂ ಉದ್ದ. ಎರಡೂ ಬದಿಗೆ ಎತ್ತರದ ದಂಡೆ ಇರುವ ಓಣಿ. ಅದರ ಕೊನೆಗೆ ಅಂಗಳ. ಆಮೇಲೆ ಕೈಯಾಲೆ, ಅಂದರೆ ಮುಂದಿನ ಜಗಲಿ. ಅದರ ಕಂಬಗಳ ನಡುವೆ ಕೂರಲು ಐಮರವೆಂಬ ಅಗಲವಾದ ಹಲಗೆ. ಕರಾವಳಿಯ ಮನೆಯಲ್ಲಿ ಚಾವಡಿ. ಬಯಲುಸೀಮೆಯ ಸಣ್ಣ ಮನೆಯಲ್ಲೂ ಬಾಗಿಲಿನ ಎಡಬಲಕ್ಕೆ ಒಂದೊಂದು ಕಟ್ಟೆ. ಉತ್ತರ ಕರ್ನಾಟಕದ ರೈತರ ಮನೆಯಲ್ಲಿ ಇನ್ನೊಂದು ರೀತಿ. ಹೊರಗೆ ಕಟ್ಟಿ. ಒಳಗೆ ಹೊಕ್ಕರೆ ಮೊದಲ ಅಂಕಣದಲ್ಲಿ ಎತ್ತುಗಳು. ಅಲ್ಲಿಂದ ಮೇಲೆ ಹತ್ತಿದರೆ ಜನ ಇರುವ ಪಡಸಾಲಿ.

ಊರಿಗೆ ತಕ್ಕ ಬಾಗಿಲು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ವಿಜಯಪುರದಲ್ಲಿ ಸುಮಾರು 600. ಅಲ್ಲಿ ಬಾಗಿಲಿಗೆ ಬರುವುದು ನೀರು, ಇಲ್ಲಿ ಬರುವುದು ಧೂಳು. ಹೊರಗಿನದನ್ನು ಹೊರಗೇ ಇಳಿಸಿಕೊಳ್ಳಬೇಕು ಎಂಬುದು ಮಾತ್ರ ಎರಡೂ ಕಡೆ ಒಂದೇ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಜಗಲಿಯನ್ನು ಹೊಗಳುತ್ತ ಕೂರುವುದು ಸುಲಭ. ಆದರೆ ಜಗಲಿ ಎಲ್ಲರನ್ನೂ ಒಂದೇ ರೀತಿ ಕೂರಿಸಲಿಲ್ಲ. ಕೆಲವರಿಗೆ ಎಲೆಅಡಿಕೆಯ ತಟ್ಟೆ ಬರುತ್ತಿತ್ತು. ಇನ್ನು ಕೆಲವರು ಅಂಗಳದಲ್ಲೇ ನಿಲ್ಲಬೇಕಿತ್ತು, ಅವರ ಬೊಗಸೆಗೆ ನೀರು ಮೇಲಿನಿಂದ ಬೀಳುತ್ತಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತವರು ಗಂಡಸರು. ಅದನ್ನು ಬೆಳಗಿನ ಜಾವ ಎದ್ದು ಸಾರಿಸಿದವರು ಹೆಂಗಸರು. ಹಾಗಾಗಿ ಜಗಲಿಯನ್ನು ಇದ್ದ ಹಾಗೇ ವಾಪಸು ತರಬೇಕು ಎಂದು ನಾನು ಹೇಳುತ್ತಿಲ್ಲ. ಅದು ಮಾಡುತ್ತಿದ್ದ ಒಂದು ಕೆಲಸ ನಮಗೆ ಬೇಕು. ಆ ಕೆಲಸವನ್ನು ಮಾತ್ರ ತೆಗೆದುಕೊಳ್ಳೋಣ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಬಾಗಿಲ ಮುಂದಿನ ರಾಶಿ ನಾವು ತೀರ್ಮಾನಿಸದೆ ಬಿಟ್ಟ ಸಾಮಾನು. ಹಿಂದೆ ಅದಕ್ಕೆ ಜಗಲಿಯ ಗೂಟವಿತ್ತು, ಮೂಲೆಯಿತ್ತು. ಈಗ ಇಲ್ಲ. ಇಲ್ಲದಿದ್ದರೆ ಏನಾಯಿತು, ಸ್ವಲ್ಪ ಚಪ್ಪಲಿ ಹರಡಿಕೊಂಡರೆ ಮನೆ ಮುಳುಗುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

ಮನೆ ಮುಳುಗುವುದಿಲ್ಲ. ಆದರೆ ಬಾಗಿಲು ಬರಿ ನಮ್ಮ ಓಡಾಟಕ್ಕೆ ಇರುವುದಲ್ಲ. ಮನೆಯಲ್ಲಿ ಒಬ್ಬರು ರಾತ್ರಿ ಎದೆ ಹಿಡಿದುಕೊಂಡು ಬೀಳುತ್ತಾರೆ. ನಾಲ್ಕು ಜನ ಸ್ಟ್ರೆಚರಿನಲ್ಲಿ ಹೊತ್ತು ತರಬೇಕು. ಆಗ ಬಾಗಿಲ ಪಕ್ಕದ ಚಪ್ಪಲಿ ಗೂಡು ಎಷ್ಟು ಜಾಗ ತಿಂದಿದೆ ಎಂದು ಗೊತ್ತಾಗುತ್ತದೆ. ಗಾಲಿಕುರ್ಚಿ ಸಲೀಸಾಗಿ ಹಾದುಹೋಗಲು ಸುಮಾರು 90 ಸೆಂಟಿಮೀಟರ್ ಬೇಕು. ಒಂದು ಮೊಳದ ಮೇಲೆ ಇನ್ನೊಂದು ಮೊಳ. ನಿಮ್ಮ ಬಾಗಿಲು ಅಷ್ಟು ಅಗಲ ಇರಬಹುದು, ದಾರಿ ಅಷ್ಟು ಅಗಲ ಉಳಿದಿದೆಯೇ?

ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇನ್ನೊಂದು ಮಾತು. ನಿಮ್ಮ ಬಾಗಿಲ ಹೊರಗಿನ ಮೊಗಸಾಲೆ ನಿಮ್ಮದಲ್ಲ, ಎಲ್ಲರದು. ಬೆಂಕಿ ಬಿದ್ದಾಗ ಎಲ್ಲರೂ ಓಡಬೇಕಾದ ದಾರಿ ಅದು. ಹೊರಹೋಗುವ ದಾರಿಯಲ್ಲಿ ಅಡಚಣೆ ಇರಕೂಡದು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ. ಗೋಡೆ ತಡವಿಕೊಂಡು ಹೋಗಬೇಕು. ಗೋಡೆಗೆ ಒರಗಿಸಿದ ಸೈಕಲ್ಲು ಆಗ ಯಾರದೋ ಕಾಲಿಗೆ ಸಿಗುತ್ತದೆ. ರಟ್ಟಿನ ಡಬ್ಬ, ಪೇಪರ್ ಕಟ್ಟು ಅಲ್ಲೇ ಉರಿಯುತ್ತವೆ.

ಇನ್ನು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಡ, ಕುಂಡದ ಕೆಳಗಿನ ತಟ್ಟೆ ಸಾಕು. ಬಾಗಿಲ ಬಳಿ ಬಿಟ್ಟ ಬಕೆಟ್ಟು ಸಾಕು. ತೆಂಗಿನ ಚಿಪ್ಪು ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ. ನೀರು ಚೆಲ್ಲಿದರೆ ಮುಗಿಯಿತು ಎಂದುಕೊಳ್ಳಬೇಡಿ. ಅದರ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ. ಆದ್ದರಿಂದ ತಟ್ಟೆಯನ್ನು ವಾರಕ್ಕೊಮ್ಮೆ ನಾರಿನಿಂದ ತಿಕ್ಕಿ ತೊಳೆಯಬೇಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕಲೂ ಅವಕಾಶವಾಯಿತು. ಅದೇ ವರ್ಷ ಹಾವು ಕಡಿತವನ್ನೂ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದಕ್ಕೂ ಬಾಗಿಲಿಗೂ ಸಂಬಂಧವಿದೆ. ಬಾಗಿಲ ಪಕ್ಕ ಹೆಂಚು, ಇಟ್ಟಿಗೆ, ಸೌದೆ ಒಟ್ಟಿದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ರಾತ್ರಿ ಹೊರಗೆ ಬಿಟ್ಟ ಬೂಟನ್ನು ಬೆಳಿಗ್ಗೆ ಕೊಡವದೆ ಹಾಕಿಕೊಳ್ಳಬಾರದು ಎಂದು ತೋಟದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ಹೆದರಿಸುವ ಮಾತು ಇಷ್ಟು ಸಾಕು. ಈಗ ರಂಗೋಲಿಯ ಬಗ್ಗೆ ಮಾತಾಡೋಣ. ಈ ಮಾತಿಗೆ ನಾನು ಮೊದಲಿನಿಂದ ಕಾಯುತ್ತಿದ್ದೆ.

ರಂಗೋಲಿಯನ್ನು ನಾವು ಅಲಂಕಾರ ಎಂದುಕೊಂಡಿದ್ದೇವೆ. ಅಲಂಕಾರ ಹೌದು. ಆದರೆ ರಂಗೋಲಿ ಹಾಕುವ ಮೊದಲು ಏನು ಮಾಡಬೇಕು ನೆನೆಸಿಕೊಳ್ಳಿ. ಅಲ್ಲಿರುವ ಚಪ್ಪಲಿ ಎತ್ತಿಡಬೇಕು. ಗುಡಿಸಬೇಕು. ನೀರು ಚಿಮುಕಿಸಬೇಕು ಅಥವಾ ಸಗಣಿಯಲ್ಲಿ ಸಾರಿಸಬೇಕು. ಎರಡು ಕೈ ಅಗಲದ ಬರಿ ನೆಲ ಕಣ್ಣಿಗೆ ಕಾಣಬೇಕು. ಆಮೇಲೆ ಚುಕ್ಕಿ ಇಡಲು ಸಾಧ್ಯ. ಅಂದರೆ ಪ್ರತಿದಿನ ಬೆಳಿಗ್ಗೆ ಬಾಗಿಲ ಮುಂದಿನ ಜಾಗ ಒಮ್ಮೆ ಪೂರ್ತಿ ಖಾಲಿಯಾಗುತ್ತಿತ್ತು. ಹಿಂದಿನ ದಿನ ಯಾರೋ ಸದ್ಯಕ್ಕೆ ಎಂದು ಇಟ್ಟುಹೋದ ಸಾಮಾನಿಗೆ ಬೆಳಗಾಗುವುದರೊಳಗೆ ಒಂದು ಗತಿ ಕಾಣಿಸಲೇಬೇಕಿತ್ತು. ಒಳಗೋ ಹೊರಗೋ, ಹೇಳು ಎಂದು ರಂಗೋಲಿ ದಿನಾ ಕೇಳುತ್ತಿತ್ತು.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಸುಣ್ಣ ಮಾಡುತ್ತಿತ್ತು. ಹಬ್ಬಕ್ಕೆ ಸುಣ್ಣ ಬಳಿಯಬೇಕಾದರೆ ಗೋಡೆಗೆ ಒರಗಿದ್ದೆಲ್ಲ ಅಂಗಳಕ್ಕೆ ಬರಬೇಕು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಬಾಗಿಲಿನ ಆಚೀಚೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಪುಂಡಿನಾರಿನ ಕುಂಚ ಹಿಡಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಗುರಿಗೆ ಕಾಯಿಯಿಂದ ಹಳದಿ, ಸುಟ್ಟ ಅಕ್ಕಿಯಿಂದ ಕಪ್ಪು. ಗೆರೆಗಳು ಎಷ್ಟು ಸಣ್ಣವೆಂದರೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಕೂತು ಬರೆಯಬೇಕು. ಆ ಗೋಡೆಗೆ ಇನ್ನು ಯಾರು ತಾನೇ ಸಲಿಕೆ ಒರಗಿಸುತ್ತಾರೆ?

ಈಗ ರಂಗೋಲಿಯ ಸ್ಟಿಕ್ಕರು ಬಂದಿದೆ. ಒಮ್ಮೆ ಅಂಟಿಸಿದರೆ ವರ್ಷ. ನನಗೆ ಅದು ಹಿಡಿಸುವುದಿಲ್ಲ. ಚೆನ್ನಾಗಿ ಕಾಣುವುದಿಲ್ಲ ಎಂಬ ಕಾರಣಕ್ಕಲ್ಲ, ಕೆಲವು ಚೆನ್ನಾಗಿಯೇ ಇರುತ್ತವೆ. ಆದರೆ ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಅದರ ಮೇಲೇ ಚಪ್ಪಲಿ ಬಿಡಬಹುದು. ಅಂಚಿನಲ್ಲಿ ಕೊಳೆ ಕೂತು ಕಪ್ಪುಗೆರೆ ಕಟ್ಟುತ್ತದೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ದಿನಾ ರಂಗೋಲಿ ಹಾಕು ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ನಾಲ್ಕು ಎಳೆ ಸಾಕು. ಅದನ್ನು ಮನೆಯ ಗಂಡುಮಗನೂ ಹಾಕಬಹುದು, ಕೈ ಸವೆಯುವುದಿಲ್ಲ. ಅದೂ ಆಗದಿದ್ದರೆ ಬಿಡಿ. ಬರಿ ನೆಲ ಗುಡಿಸಿ ಖಾಲಿ ಮಾಡಿದರೂ ರಂಗೋಲಿಯ ಅರ್ಧ ಕೆಲಸ ಆಯಿತು.

ಇಲ್ಲಿಗೆ ಎರಡು ಮಾತು ಆಯಿತು. ಒಂದು, ಬಾಗಿಲ ಬಳಿ ಹೊರಗಿನ ಸಾಮಾನಿಗೆ ಜಾಗ ಬೇಕು. ಎರಡು, ಆ ಜಾಗ ಆಗಾಗ ಪೂರ್ತಿ ಖಾಲಿಯಾಗಬೇಕು. ಈಗ ಕೈಗೆ ಕೆಲಸ ಕೊಡೋಣ.

ಒಂದು ರಜೆಯ ದಿನ ಬೆಳಿಗ್ಗೆ ಶುರು ಮಾಡಿ. ಬಾಗಿಲ ಮುಂದಿರುವುದನ್ನೆಲ್ಲ ಎತ್ತಿ ನಡುಮನೆಯ ಮಧ್ಯದಲ್ಲಿ ಸುರಿಯಿರಿ. ಹೌದು, ನಡುಮನೆಯಲ್ಲೇ. ಹಳೆಯ ಪೇಪರು ಹಾಸಿ ಸುರಿಯಿರಿ. ಮೂಲೆಯಲ್ಲಿ ಕಣ್ಣಿಗೆ ಬೀಳದ್ದು ಅಲ್ಲಿ ಕಣ್ಣು ಚುಚ್ಚುತ್ತದೆ. ಸಂಜೆಯೊಳಗೆ ತೀರ್ಮಾನವಾಗದೆ ಊಟಕ್ಕೆ ಕೂರುವ ಹಾಗಿಲ್ಲ. ಮನೆಯವರೆಲ್ಲ ಇರುವಾಗ ಮಾಡಿ. ಒಬ್ಬರೇ ಮಾಡಿದರೆ, "ನನ್ನ ಬ್ಯಾಟ್ ಎಲ್ಲಿ ಹೋಯ್ತಮ್ಮಾ?" ಎಂಬ ಕೂಗಿಗೆ ಒಬ್ಬರೇ ಉತ್ತರ ಹೇಳಬೇಕಾಗುತ್ತದೆ.

ಮೊದಲು ಚಪ್ಪಲಿ. ದಿನಾ ಮೆಟ್ಟುವುದು ಬಾಗಿಲ ಬಳಿ ಇರಲಿ. ಒಬ್ಬರಿಗೆ ಎರಡು ಜೊತೆ ಸಾಕು. ಮದುವೆ ಮುಂಜಿಗೆ ಹಾಕುವುದು ಒರೆಸಿ ಒಳಗೆ ಹೋಗಲಿ. ಉಂಗುಷ್ಠ ಕಿತ್ತದ್ದನ್ನು ಚಮ್ಮಾರರ ಬಳಿ ಹೊಲಿಸಿ, ಇಲ್ಲ ಇವತ್ತೇ ಕೈಬಿಡಿ. ಒದ್ದೆ ಬೂಟನ್ನು ಮುಚ್ಚಿದ ಗೂಡಿಗೆ ಹಾಕಬೇಡಿ, ಬೂಸಲು ಹಿಡಿಯುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಗಾಳಿಗಿಡಿ, ಪೇಪರು ತೇವ ಹೀರಿಕೊಳ್ಳುತ್ತದೆ. ಗೂಡು ಕೊಳ್ಳುವುದಾದರೆ ಹಿಂಬದಿ ತೆರೆದದ್ದೇ ಒಳ್ಳೆಯದು.

ಆಮೇಲೆ ಗೂಟ. ಮರದ್ದೇ ಆಗಬೇಕೆಂದಿಲ್ಲ. ಒಂದು ಹಲಗೆ, ಅದಕ್ಕೆ ಆರು ಕೊಕ್ಕೆ, ಬಾಗಿಲ ಒಳಬದಿಯ ಗೋಡೆಗೆ ಎದೆಮಟ್ಟದಲ್ಲಿ. ಮಕ್ಕಳಿದ್ದರೆ ಅವರಿಗೆ ಎಟುಕುವಂತೆ ಕೆಳಗೆ ಎರಡು. ಛತ್ರಿ, ಹೆಲ್ಮೆಟ್ಟು, ಸಂತೆಚೀಲ, ಬೀಗದಕೈ, ಎಲ್ಲಕ್ಕೂ ಒಂದೊಂದು. ಜಗಲಿಯಿಂದ ನಾವು ತರಬೇಕಾದದ್ದು ಇದನ್ನೇ. ಗೂಟ ಇದ್ದರೆ ನೆಲ ಉಳಿಯುತ್ತದೆ.

ಕಾಲೊರಸು ಒಂದು ಸಾಲದು, ಎರಡಿರಲಿ. ಹೊರಗೆ ತೆಂಗಿನನಾರಿನದು, ಒರಟಾದದ್ದು. ಅದು ಮಣ್ಣು ಕೆರೆಯುತ್ತದೆ. ಒಳಗೆ ಹತ್ತಿಯದು. ಅದು ತೇವ ಹೀರುತ್ತದೆ. ಅಡಿಗೆ ರಬ್ಬರ್ ಇಲ್ಲದ ಕಾಲೊರಸು ನಯವಾದ ಟೈಲ್ಸಿನ ಮೇಲೆ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಅದು ಬೇಡವೇ ಬೇಡ. ನಾರಿನ ಚಾಪೆಯನ್ನು ವಾರಕ್ಕೊಮ್ಮೆ ಮಗುಚಿ ಬಡಿಯಿರಿ. ಬಿದ್ದ ಮಣ್ಣು ನೋಡಿ ನಿಮಗೇ ಆಶ್ಚರ್ಯವಾಗುತ್ತದೆ.

ಖಾಲಿ ಕ್ಯಾನು, ಪೇಪರ್ ಕಟ್ಟು ಇಂಥವಕ್ಕೆ ಮನೆಯವರೆಲ್ಲ ಸೇರಿ ಒಂದು ವಾರ ಗೊತ್ತುಮಾಡಿಕೊಳ್ಳಿ. ಶನಿವಾರ ಎಂದರೆ ಶನಿವಾರ. ಉಳಿದ ಸಾಮಾನಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಸೈಕಲ್ಲನ್ನು ಯಾವ ಮಗುವಿಗೆ ಕೊಡಬಹುದು ಎಂದು ನಿಮಗೇ ಗೊತ್ತಿರುತ್ತದೆ.

ಒಂದು ಸ್ಟೂಲು ಮಾತ್ರ ಇಡಿ. ಗಟ್ಟಿಯಾದದ್ದು. ಬೂಟಿನ ದಾರ ಕಟ್ಟಲು ಅಜ್ಜ ಕೂರಬಹುದು. ಮೂರು ಮಹಡಿ ಹತ್ತಿ ಪಾರ್ಸೆಲ್ ತಂದ ಹುಡುಗನೂ ಕೂರಬಹುದು. ಅವನಿಗೆ ಕುಡಿಯಲು ಕೊಡುವ ನೀರು ಮನೆಯವರು ಕುಡಿಯುವ ಲೋಟದಲ್ಲೇ ಇರಲಿ. ಹಳೆಯ ಜಗಲಿಯ ಆ ಲೆಕ್ಕ ಇನ್ನೂ ಬಾಕಿ ಇದೆ.

ಜಾಗ ಖಾಲಿಯಾಯಿತು, ಉಳಿದ ಸಾಮಾನು ಗೂಟಕ್ಕೇರಿತು. ಇನ್ನು ಬಾಗಿಲಿಗೇ ಕಳೆ ಕೊಡುವ ಕೆಲಸ. ಇದಕ್ಕೆ ದುಡ್ಡಿಗಿಂತ ತಿಳಿವಳಿಕೆ ಬೇಕು.

ನೆಲದಿಂದ ಶುರು ಮಾಡಿ. ನಿಮ್ಮ ಬಾಗಿಲ ಮುಂದೆ ಶಹಾಬಾದ್ ಕಲ್ಲು ಹಾಸಿದ್ದರೆ ಅದಕ್ಕೆ ಆ್ಯಸಿಡ್ ಹಾಕಬೇಡಿ, ನಿಂಬೆಹುಳಿಯೂ ಬೇಡ. ಅದು ಸುಣ್ಣದಕಲ್ಲಿನ ಜಾತಿ. ಹುಳಿ ತಾಗಿದರೆ ಮೇಲ್ಮೈ ಕೊರೆದು ಹೊಳಪು ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಾಬೂನುನೀರು, ಗಟ್ಟಿ ಪೊರಕೆ ಸಾಕು. ಕರಾವಳಿಯ ಅಂಗಳದಲ್ಲಿ ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದು ವಾಡಿಕೆ. ಹಾಕಿ. ಆದರೆ ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಎರಡನ್ನೂ ಒಟ್ಟಿಗೆ ಎಂದೂ ಬಳಸಬೇಡಿ. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಈ ಒಂದು ಮಾತನ್ನು ಮನೆಗೆಲಸಕ್ಕೆ ಬರುವವರಿಗೂ ತಪ್ಪದೆ ಹೇಳಿ. ಮೂಸಿ ತೊಂದರೆಪಡುವವರು ಹೆಚ್ಚಾಗಿ ಅವರೇ.

ಹೊಸ್ತಿಲಿಗೆ ಅರಿಶಿನ ಹಚ್ಚುವ ಮನೆ ನಿಮ್ಮದಾಗಿದ್ದರೆ ಹಚ್ಚಿ. ಹಚ್ಚುವ ಮೊದಲು ತೊಳೆದ ನೀರನ್ನು ಬಟ್ಟೆಯಿಂದ ಒರೆಸಿ. ಚೌಕಟ್ಟಿನ ಬುಡಕ್ಕೆ ದಿನಾ ನೀರು ಇಳಿದರೆ ಮರ ಮೆತ್ತಗಾಗುತ್ತದೆ. ಮೆತ್ತಗಾದ ಮರಕ್ಕೆ ಗೆದ್ದಲು ಬರುತ್ತದೆ. ಗೋಡೆ ಮತ್ತು ಚೌಕಟ್ಟು ಸೇರುವ ಕಡೆ ಮಣ್ಣಿನ ಸಣ್ಣ ಗೆರೆ ಏರಿದ್ದು ಕಂಡರೆ ಅದು ಗೆದ್ದಲಿನ ದಾರಿ. ಕೆರೆದುಹಾಕಿ ಸುಮ್ಮನಾಗಬೇಡಿ, ಔಷಧ ಹಾಕಿಸಿ.

ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ. ತೇಗ, ಹಲಸು, ಹೊನ್ನೆ, ಯಾವ ಮರವಾದರೂ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ಜನ ಆಗಲೇ ಬಡಗಿಯನ್ನು ಕರೆಸಿ ಹತ್ತರಿ ಹೊಡೆಸುತ್ತಾರೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಅದೇ ಬಾಗಿಲಿನ ಸಂದಿಯಲ್ಲಿ ಬೆರಳು ಹೋಗುತ್ತದೆ. ಮಳೆಯಲ್ಲಿ ಅಂಚಿಗೆ ಮೇಣದಬತ್ತಿ ಉಜ್ಜಿ ಕಾಲ ತಳ್ಳಿ. ಬಿಸಿಲು ಬಂದಮೇಲೂ ಬಿಗಿಯಾಗಿದ್ದರೆ ಮಾತ್ರ ಹತ್ತರಿ.

ತಿರುಗಣಿ ಕಿರುಗುಟ್ಟಿದರೆ ನಮ್ಮ ಕೈ ಮೊದಲು ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಚಳಿಯಲ್ಲಿ, ಬೆಂಗಳೂರಿನ ಡಿಸೆಂಬರಿನಲ್ಲಿ ಅದು ತಿರುಗಣಿಯೊಳಗೆ ಮೇಣದಂತೆ ಕೂತು ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು. ಬೀಗದ ಕಿಂಡಿಗೆ ಎಣ್ಣೆ ಬೇಡ. ಪೆನ್ಸಿಲಿನ ಸೀಸದ ಪುಡಿಯನ್ನು ಬೀಗದಕೈಗೆ ಸವರಿ ಎರಡು ಸಲ ತಿರುಗಿಸಿ. ಹಿತ್ತಾಳೆಯ ಹಿಡಿಕೆ ಕಪ್ಪಾಗಿದ್ದರೆ ಹುಣಸೆಹಣ್ಣು, ಉಪ್ಪು. ತಿಕ್ಕಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿ. ಹುಳಿ ಉಳಿದರೆ ಹಸಿರು ಕಿಲುಬು ಬರುತ್ತದೆ.

ಇನ್ನು ಬೆಳಕು. ಬಾಗಿಲಿಗೆ 5 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿ. ರಾತ್ರಿ ಹತ್ತು ಗಂಟೆ ಕಾಲ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್. ಮನೆಯ ನಂಬರು ರಸ್ತೆಗೆ ಕಾಣುವಂತೆ, ಆ ಬೆಳಕು ಬೀಳುವ ಕಡೆ ಇರಲಿ. ನಡುರಾತ್ರಿ ಬರುವ ಆಂಬುಲೆನ್ಸಿನವರಿಗೆ ನಿಮ್ಮ ಮನೆಯ ಹೆಸರಿಗಿಂತ ನಂಬರು ಬೇಕು. ಹಳೆಯ ತೋರಣ, ಕೊಳೆತ ಬೂದುಗುಂಬಳ, ಕಪ್ಪಾದ ನಿಂಬೆ ಮೆಣಸಿನಕಾಯಿ ಇವನ್ನೆಲ್ಲ ಕೆಳಗಿಳಿಸಿ. ದೃಷ್ಟಿಗೆ ಕಟ್ಟಿದ್ದೇ ದೃಷ್ಟಿಗೆ ಅಸಹ್ಯವಾಗಬಾರದಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ಹುಚ್ಚು ಹಬ್ಬಿತ್ತು. ರಾತ್ರಿ ಬರುವ ದೆವ್ವಕ್ಕೆಂದು ಬರೆದದ್ದು. ಕೆಲವು ಹಳೆಯ ಕದಗಳಲ್ಲಿ ಆ ಅಕ್ಷರದ ಗುರುತು ಇನ್ನೂ ಇದ್ದರೆ ಅದನ್ನು ಅಳಿಸಬೇಡಿ ಎನ್ನುವೆ. ಮೊಮ್ಮಕ್ಕಳಿಗೆ ಹೇಳಲು ಒಂದು ಕಥೆ ಉಳಿಯುತ್ತದೆ.

ಮುಂಬಾಗಿಲಿನ ಮಾತು ಮುಗಿಯಿತು. ಜಾಗ, ಗೂಟ, ನೆಲ, ಮರ, ಬೆಳಕು. ಇಷ್ಟು ಹೊತ್ತೂ ಇನ್ನೊಂದು ಬಾಗಿಲು ನಮ್ಮ ಮಾತಿಗೆ ಬರಲಿಲ್ಲ. ಹಿತ್ತಿಲ ಬಾಗಿಲು. ಅದನ್ನು ಮರೆಯುವುದು ನಮಗೆ ಅಭ್ಯಾಸವಾಗಿದೆ.

ಮುಂಬಾಗಿಲು ಅತಿಥಿಗಳಿಗೆ. ಮನೆ ನಿಜವಾಗಿ ನಡೆಯುವುದು ಹಿತ್ತಿಲ ಬಾಗಿಲಿನಲ್ಲಿ. ಹಾಲು ಅಲ್ಲಿಂದ ಬರುತ್ತಿತ್ತು, ಮುಸುರೆ ಅಲ್ಲಿಂದ ಹೋಗುತ್ತಿತ್ತು. ಕರಿಬೇವು, ಬಸಳೆ ಚಪ್ಪರ, ಬಟ್ಟೆ ಒಗೆಯುವ ಕಲ್ಲು ಅಲ್ಲಿ. "ಅಕ್ಕಾ, ಹೆಪ್ಪಿಗೆ ಒಂಚೂರು ಮೊಸರಿದ್ಯಾ?" ಎಂದು ಪಕ್ಕದ ಮನೆಯವರು ಬರುತ್ತಿದ್ದುದೂ ಅಲ್ಲಿಂದಲೇ. ಜಗಲಿ ಗಂಡಸರದಾದರೆ ಹಿತ್ತಿಲ ಮೆಟ್ಟಿಲು ಹೆಂಗಸರದು. ಈಗ ಫ್ಲಾಟಿನಲ್ಲಿ ಅದು ಬಟ್ಟೆ ಒಗೆಯುವ ಯಂತ್ರ ಇಟ್ಟ ಸಣ್ಣ ಬಾಲ್ಕನಿ. ಹಳ್ಳಿಯ ಮನೆಯಲ್ಲೂ ಅದರ ಮುಂದೆ ಒಡೆದ ಬಕೆಟ್ಟು, ಖಾಲಿ ಚೀಲ, ತುಕ್ಕು ಹಿಡಿದ ಡಬ್ಬ. ಮುಂಬಾಗಿಲನ್ನು ಶುಚಿ ಮಾಡಿದವರು ಎಷ್ಟೋ ಸಲ ಅಲ್ಲಿಯ ಸಾಮಾನನ್ನು ಇಲ್ಲಿಗೆ ತಂದು ಒಟ್ಟಿರುತ್ತಾರೆ. ಅದು ಶುಚಿ ಮಾಡಿದ್ದಲ್ಲ, ರಾಶಿಯ ವಿಳಾಸ ಬದಲಿಸಿದ್ದು.

ಇಲ್ಲಿ ನೋಡಬೇಕಾದದ್ದು ಮೂರು. ಮೊದಲನೆಯದು, ಬಾಗಿಲ ಕೆಳಗಿನ ಸಂದಿ. ಪೆನ್ಸಿಲ್ ತೂರುವಷ್ಟು ಸಂದಿಯಿದ್ದರೆ ಸಣ್ಣ ಇಲಿ ನುಗ್ಗುತ್ತದೆ. ಅಂಗಡಿಯಲ್ಲಿ ರಬ್ಬರ್ ಪಟ್ಟಿ ಸಿಗುತ್ತದೆ, ಕದದ ಅಡಿಗೆ ಬಡಿಸಿ. ಎರಡನೆಯದು, ಬಚ್ಚಲ ನೀರು ಹೋಗುವ ಮೋರಿ. ಅದರ ಮೇಲೆ ಸಾಮಾನು ಇಟ್ಟಿದ್ದರೆ ಮೋರಿ ಕಟ್ಟಿಕೊಂಡದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಸೊಳ್ಳೆಗೆ ಗೊತ್ತಾಗುತ್ತದೆ.

ಮೂರನೆಯದು ಚಿಲಕ. ಮುಂಬಾಗಿಲಿಗೆ ಎರಡು ಬೀಗ, ಒಂದು ಸರಪಳಿ, ಮೇಲೊಂದು ಕ್ಯಾಮೆರಾ ಹಾಕಿಸಿಕೊಂಡ ಮನೆಯಲ್ಲೂ ಹಿತ್ತಿಲ ಬಾಗಿಲಿಗೆ ಅಜ್ಜನ ಕಾಲದ ಸಡಿಲ ಚಿಲಕವೇ ಇರುತ್ತದೆ. ಇವತ್ತು ರಾತ್ರಿ ಮಲಗುವ ಮುನ್ನ ಅದನ್ನೊಮ್ಮೆ ಹಾಕಿ ನೋಡಿ. ಕದವನ್ನು ಎತ್ತಿ ಹಿಡಿದರೆ ಮಾತ್ರ ಚಿಲಕ ಕೂರುತ್ತದೆ ಎಂದಾದರೆ ತಿರುಗಣಿಯ ಮೊಳೆ ಸಡಿಲವಾಗಿದೆ, ಇಲ್ಲವೇ ಚೌಕಟ್ಟು ಕುಸಿದಿದೆ. ಮೊಳೆಯಾದರೆ ನೀವೇ ಬಿಗಿಯಬಹುದು. ಚೌಕಟ್ಟಾದರೆ ಮಳೆ ಶುರುವಾಗುವ ಮೊದಲು ಬಡಗಿಗೆ ಹೇಳಿ.